ಲೈಸೆನ್ಸ್ ಆಫೀಸು ಮತ್ತೆ ಜನರಲ್ ಮನೆಯಾಯ್ತು

ಮಡಿಕೇರಿ: ಒಂದು ಕಾಲಕ್ಕೆ ಈ ಮನೆಗೆ ಜನ ಬರುತ್ತಿದ್ದುದು ಡ್ರೈವಿಂಗ್ ಲೈಸೆನ್ಸಿಗೆ. ಆರ್.ಟಿ.ಓ. ಕಚೇರಿ ಇದ್ದದ್ದು ಇಲ್ಲೇ. ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಮಂದಿಗೆ ಇದು ಜನರಲ್ ತಿಮ್ಮಯ್ಯನವರ ಮನೆಯೆಂದು ನೆನಪಿತ್ತೋ!

ಈಗ 'ಸನ್ನಿಸೈಡ್' ಮತ್ತೆ ಮನೆಯ ಕಳೆ ಪಡೆದಿದೆ. ಹಳೆಯ ಕಟ್ಟಡವನ್ನು ಕೆಡವದೆ ರಿಪೇರಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು.

ಅಂಗಳದಲ್ಲಿ ಯುದ್ಧ ಟ್ಯಾಂಕ್ ನಿಂತಿದೆ. ಹುಡುಗರು ಮೊದಲು ಓಡುವುದು ಅದರತ್ತಲೇ. ಟ್ಯಾಂಕಿಗೂ ತಿಮ್ಮಯ್ಯನವರಿಗೂ ನಂಟು ಸಣ್ಣದಲ್ಲ. 1948ರ ನವೆಂಬರ್ 1ರಂದು, 11 ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಅವರ ಪಡೆ ಟ್ಯಾಂಕ್ ನುಗ್ಗಿಸಿತು. ಅಲ್ಲಿಗೆ ಟ್ಯಾಂಕ್ ಹತ್ತೀತೆಂದು ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಲಡಾಖಿನ ದಾರಿ ತೆರೆಯಿತು. ಅಂದಿನವು ಹಗುರದ ಸ್ಟುವರ್ಟ್ ಟ್ಯಾಂಕುಗಳು. ಅಂಗಳದ್ದು ಆಮೇಲಿನ ಕಾಲದ್ದು.

ಹುಟ್ಟಿದ್ದು 1906ರಲ್ಲಿ, ಇದೇ ಮಡಿಕೇರಿಯಲ್ಲಿ. ಭೂಸೇನೆಯ ಮುಖ್ಯಸ್ಥರಾಗಿದ್ದು 1957ರಿಂದ 61ರವರೆಗೆ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರ ಜತೆ ಜಟಾಪಟಿಯಾಗಿ 1959ರಲ್ಲಿ ರಾಜೀನಾಮೆ ಬರೆದುಕೊಟ್ಟದ್ದೂ, ನೆಹರೂ ಮಾತಿಗೆ ಹಿಂತೆಗೆದದ್ದೂ ದೇಶಕ್ಕೇ ಗೊತ್ತು.

ಕಡಿಮೆ ಮಂದಿಗೆ ಗೊತ್ತಿರೋದು ಈ ಮನೆಯ ಒಳಗಿನ ಕಥೆ. ತಿಮ್ಮಯ್ಯ ಬ್ರಿಟಿಷ್ ಇಂಡಿಯಾ ಸೇನೆಯಲ್ಲಿ ಬರ್ಮಾ ರಂಗದಲ್ಲಿ ಕಾದಿದರು. ಅಣ್ಣ ಪೊನ್ನಪ್ಪ ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ಸೋಮಯ್ಯ ಕಾಶ್ಮೀರ ಕಾರ್ಯಾಚರಣೆಯಲ್ಲಿ ನೆಲಬಾಂಬಿಗೆ ಬಲಿಯಾದರು. ಒಬ್ಬ ಮಗ ಈ ಕಡೆ, ಒಬ್ಬ ಆ ಕಡೆ, ಇನ್ನೊಬ್ಬ ಮರಳಿ ಬರಲೇ ಇಲ್ಲ. ತಾಯಿ ಸೀತಮ್ಮ ಯಾರ ಗೆಲುವಿಗೆ ಹರಕೆ ಹೊರಬೇಕಿತ್ತು?

ಕೊರಿಯಾ ಯುದ್ಧ ನಿಂತಾಗ, ಊರಿಗೆ ಹೋಗಲೊಲ್ಲೆವೆಂದ 22 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ಗೋಳು ಕೇಳಿದ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ನಿವೃತ್ತಿಯ ಮೇಲೂ ಸೈಪ್ರಸ್ಸಿಗೆ ಹೋದರು, ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಮರುವರ್ಷ ಆ ಪುಟ್ಟ ದೇಶ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು.

ರಾಜಾಸೀಟು, ಅಬ್ಬಿ ಜಲಪಾತ ಅಂತ ಓಡುವ ಕಾರುಗಳು ಇಲ್ಲೂ ಒಂದು ಗಳಿಗೆ ನಿಲ್ಲಲಿ. ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಳ್ಳಲು ಅಡ್ಡಿಯಿಲ್ಲ. ಆದರೆ ಬಂದೂಕು ಹಿಡಿದ ಆ ಮನುಷ್ಯನ ಕಡೆಯ ಕೆಲಸ ಬೇರೆಯವರ ಬಂದೂಕು ಇಳಿಸುವುದಾಗಿತ್ತು ಅಂತ ಮಕ್ಕಳಿಗೆ ಹೇಳಿಯೇ ಗೇಟು ದಾಟಿರಿ.