ಪಿಟ್ಯುಟರಿ ಗಡ್ಡೆ ಎಲ್ಲೆ ಮೀರುವುದೇಕೆ?

ವಿಕ್ರೋಳಿ ನಿಲ್ದಾಣದ ನೂಕುನುಗ್ಗಲಿನಲ್ಲಿ ಪಕ್ಕದವರಿಗೆ ಪದೇ ಪದೇ ಢಿಕ್ಕಿ ಹೊಡೆದರೆ ನಾವು ಜನಸಂದಣಿಯನ್ನೇ ದೂರುತ್ತೇವೆ. ಆದರೆ ಇಕ್ಕೆಲದ ನೋಟ ಕುಗ್ಗಿರುವುದೂ ಅದಕ್ಕೆ ಕಾರಣವಾಗಿರಬಹುದು. ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು, ಮೇಲಿರುವ ದೃಷ್ಟಿನರಗಳನ್ನು ಅದುಮಿದಾಗ ಹೀಗಾಗುತ್ತದೆ. ಕೆಲವರಲ್ಲಿ ಉಂಗುರ ಬಿಗಿಯಾಗುತ್ತದೆ, ಪಾದರಕ್ಷೆಯ ಅಳತೆ ಹೆಚ್ಚುತ್ತದೆ.

ಇಂತಹ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೂ ಕೆಲವು ತಮ್ಮ ಮೂಳೆಯ ಗೂಡನ್ನು ಮೀರಿ, ಪಕ್ಕದ ರಕ್ತನಾಳಗಳ ಎಡೆಗೆ ನುಗ್ಗುತ್ತವೆ. ಏಕೆ? ಬ್ಯಾಂಕಿನವರ ಮಾತಿನಲ್ಲಿ ಹೇಳುವುದಾದರೆ, ಜೀವಕೋಶಗಳೆಲ್ಲದರಲ್ಲಿಯೂ ವಂಶವಾಹಿಗಳ ಲೆಡ್ಜರು ಒಂದೇ. ಯಾವ ಖಾತೆಯಿಂದ ಎಷ್ಟು ಪಾವತಿಯಾಗುತ್ತದೆಂಬುದು ಮಾತ್ರ ಬೇರೆ. ಇದೇ ವಂಶವಾಹಿಯ ಅಭಿವ್ಯಕ್ತಿ. 1997ರಲ್ಲಿ ವರದಿಯಾದ ಪಿ.ಟಿ.ಟಿ.ಜಿ. ಎಂಬ ವಂಶವಾಹಿಯ ಅಭಿವ್ಯಕ್ತಿಯೂ, ಸುತ್ತಣ ಪೊರೆಯನ್ನು ಕರಗಿಸುವ ಎಂ.ಎಂ.ಪಿ.-9 ಎಂಬ ಕಿಣ್ವವೂ ಹೀಗೆ ನುಗ್ಗುವ ಹಲವು ಗಡ್ಡೆಗಳಲ್ಲಿ ಅಧಿಕವಾಗಿ ಕಂಡುಬಂದಿವೆ.

ಎಲ್ಲೆ ಮೀರಿದ ಗಡ್ಡೆಯನ್ನು ಮೂಗಿನ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಿಂದ ಪೂರ್ಣವಾಗಿ ತೆಗೆಯುವುದು ಕಷ್ಟ. ಪ್ರೊಲ್ಯಾಕ್ಟಿನ್ ಸ್ರವಿಸುವ ಗಡ್ಡೆಗಳಾದರೋ ಬಹುಮಟ್ಟಿಗೆ ಮಾತ್ರೆಯಿಂದಲೇ ಕುಗ್ಗುತ್ತವೆ.

ರಕ್ತಪರೀಕ್ಷೆ, ನೇತ್ರಪರೀಕ್ಷೆ, ಎಂ.ಆರ್.ಐ.ಗಳಿಂದ ರೋಗ ತಿಳಿಯುತ್ತದೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದಕ್ಕೆ ಸಂಬಂಧಿಸಿದ ಅಂತಃಸ್ರಾವ ವಿಭಾಗವಿದೆ. ಊರಿಗೆ ಹೋದಾಗ ತೋರಿಸೋಣವೆಂದು ಮುಂದೂಡಬೇಡಿ. ಬಹುಕಾಲ ಅದುಮಿಹೋದ ನರದ ದೃಷ್ಟಿ ಪೂರ್ತಿ ಮರಳದಿರಬಹುದು.