ಹೂಳು ಹೊರುವ ಟ್ರಾಲಿ

2017ರಲ್ಲಿ ಮಹಾರಾಷ್ಟ್ರ ಸರಕಾರವು ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಯೋಜನೆ ಹೂಡಿದಂದಿನಿಂದ ಕೆರೆಯ ಹೂಳನ್ನು ಹೊಲಕ್ಕೆ ಹೊರುವುದು ಸರಕಾರಿ ಕೆಲಸವೂ ಆಯಿತು. ಜತ್ತ, ಅಕ್ಕಲಕೋಟೆಗಳ ನಮ್ಮವರು ಅದಕ್ಕಾಗಿ ಸುರಿಯುವ ಟ್ರಾಲಿ ಕೊಳ್ಳುವುದಾದರೆ ಪೆಟ್ಟಿಗೆಯ ಉದ್ದಗಲ ನೋಡಿಯೇ ಮರುಳಾಗಬಾರದು.

ಲೆಕ್ಕ ಮಾಡೋಣ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆ 120 ಘನ ಅಡಿ, ಎಂದರೆ 1.2 ಬ್ರಾಸು ಹಿಡಿಯುವುದು. ತಿಪ್ಪೆಗೊಬ್ಬರವಾದರೆ ಸುಮಾರು 2 ಟನ್ನು. ಹಸಿ ಹೂಳಾದರೆ 5 ಟನ್ನಿಗೂ ಮೇಲೆ! 3 ಟನ್ನು ತಾಳುವ ಟ್ರಾಲಿಗೆ ಹೂಳು ಒಂದೇ ಅಡಿ ಸಾಕು. ಒಳಬದಿಗೆ ಬಣ್ಣದ ಗೆರೆ ಎಳೆದಿಡಿರಿ. ಜೆಸಿಬಿಯವನು ಲೆಕ್ಕ ಕೇಳುವವನಲ್ಲ. ಮಾರುವವನು ಹೇಳುವ ಟನ್ನು ಬರಿ ಹೇರಿನದೋ, ಟ್ರಾಲಿಯ ತೂಕವೂ ಸೇರಿಯೋ, ಕೇಳಿ ಬರೆಯಿಸಿಕೊಳ್ಳಿರಿ.

ಎರಡು ಗಾಲಿಯದಾದರೆ ಭಾರದಲ್ಲಿ ಒಂದು ಪಾಲು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಬೀಳುವುದರಿಂದ ಎರಿ ಹೊಲದಲ್ಲಿ ಹಿಡಿತ ಚೆನ್ನ. ಆದರೆ ಹೇರೆಲ್ಲ ಮುಂದಕ್ಕೇ ಬಿದ್ದರೆ ಟ್ರ್ಯಾಕ್ಟರಿನ ಮೂತಿ ಎದ್ದೀತು. ದೂರದ ದೊಡ್ಡ ಹೇರಿಗೆ ನಾಲ್ಕು ಗಾಲಿಯೇ ಲೇಸು.

ಸುರಿಯುವ ಜಾಗ ಸಮನಾಗಿರಬೇಕು, ಮೇಲೆ ವಿದ್ಯುತ್ ತಂತಿ ಇರಕೂಡದು. ಹಸಿ ಎರಿಮಣ್ಣು ಒಂದು ಮಗ್ಗುಲಿಗೆ ಮೆತ್ತಿ ನಿಂತರೆ ಎತ್ತಿದ ಪೆಟ್ಟಿಗೆ ಪಕ್ಕಕ್ಕೆ ಉರುಳುವುದು. ಗ್ರೀಸು ಹಾಕಲೆಂದು ಬರಿ ಜಾಕಿಯನ್ನು ನಂಬಿ ಅದರ ಕೆಳಗೆ ತಲೆ ಹಾಕತಕ್ಕದ್ದಲ್ಲ; ಎಣ್ಣೆಯ ನಳಿಗೆ ಒಡೆದರೆ ಪೆಟ್ಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಕುಸಿಯುವುದು. ಅದನ್ನು ತಡೆಯುವ ಕಬ್ಬಿಣದ ಊರೆಗೋಲು ಟ್ರಾಲಿಯೊಂದಿಗೇ ಬಂದಿದೆಯೇ ಎಂದು ನೋಡಿ, ಆಮೇಲೆ ಹಣ ಎಣಿಸಿರಿ.