ತೆರಪಿನ ತಗಾದೆ

ಗಣಕಯಂತ್ರಕ್ಕೆ ಆದೇಶ ಬರೆಯುವವರಲ್ಲಿಯೂ ಶೈಲಿಯ ಕಲಹವುಂಟು. ಸಾಲಿನ ಮೊದಲಿಗೆ ಎಷ್ಟು ತೆರಪು ಬಿಡಬೇಕು, ಆವರಣ ಚಿಹ್ನೆಯನ್ನು ಎಲ್ಲಿಡಬೇಕು ಎಂಬ ವಾದದಲ್ಲಿಯೇ ತಂಡಗಳ ಹೊತ್ತು ಕಳೆಯುವುದುಂಟು. 2009ರಲ್ಲಿ ಗೂಗಲ್ ಸಂಸ್ಥೆ ಪ್ರಕಟಿಸಿದ 'ಗೋ' ಭಾಷೆಯೊಡನೆ ಬಂದ 'ಗೋಫಮ್ಟ್' ಎಂಬ ಉಪಕರಣವು ಇದಕ್ಕೊಂದು ತೀರ್ಪಿತ್ತಿತು: ಎಲ್ಲರ ಬರಹಕ್ಕೂ ಒಂದೇ ವಿನ್ಯಾಸ. 2018ರಲ್ಲಿ ಪೈಥಾನ್ ಭಾಷೆಗೆ ಬಂದ 'ಬ್ಲ್ಯಾಕ್' ಕೂಡ ಅಂಥದೇ ಹಟಮಾರಿ. ಬೇರೆ ಹೇಳದಿದ್ದರೆ ಸಾಲಿಗೆ 88 ಅಕ್ಷರಗಳ ಮಿತಿ ಹಾಕುತ್ತದೆ.

ಕಣ್ಣಿಗೆ ಒಗ್ಗಿದ ನನ್ನ ಜೋಡಣೆಯನ್ನು ಅದು ಕಲಕಿದಾಗ ನನಗೂ ವ್ಯಥೆಯಾಗುತ್ತದೆ. ಆದರೂ ನಾನು ಈ ಅಂಕೆಯ ಪಕ್ಷದವನೇ. ತೆರಪಿನ ತಗಾದೆ ತೀರಿದ ಮೇಲೆ, ಇನ್ನೊಬ್ಬರ ಬರಹವನ್ನು ಪರಿಶೀಲಿಸುವವನ ದೃಷ್ಟಿ ತರ್ಕದ ಮೇಲೆ ನಿಲ್ಲುತ್ತದೆ. ಹೆಸರಿಡುವ ವಿವೇಕವನ್ನಾಗಲಿ, ವಿಚಾರವನ್ನು ಬಿಡಿಸಿಡುವ ಕ್ರಮವನ್ನಾಗಲಿ ಆ ಉಪಕರಣ ಮುಟ್ಟದು. ಶೈಲಿಯ ನೆಲೆ ಅಲ್ಲಿಯೇ ಎಂದು ನನ್ನ ನಂಬಿಕೆ.